ಮೂರು ಸಲ ಕೇಳುವ ದೋಣಿ

ಕೃಷ್ಣಾ ನದಿಯಲ್ಲಿ ಅಂಬಿಗನಿಲ್ಲದೆ ಓಡಾಡುವ ಆ ದೋಣಿಗೆ ಮಾತು ಕಲಿಸಿದವಳು ನಾನು. ಓದಿದವರೆಲ್ಲ ಸೇರಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರೂ ಆಗದ ಕೆಲಸವನ್ನು ಎಲೆ ಅಡಿಕೆ ಜಗಿಯುತ್ತ ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟೆ. ಇದರಲ್ಲಿ ಅರ್ಧ ಸುಳ್ಳು. ಮಾತು ಅದಕ್ಕೆ ಮೊದಲೇ ಬರುತ್ತಿತ್ತು, ನನಗಿಂತ ನಯವಾಗಿಯೇ ಬರುತ್ತಿತ್ತು. ಕಲಿಸಿದವಳು ಮೇದಿನಿ ಎಂಬ ಹುಡುಗಿ. ನಾನು ಹೇಳಿಕೊಟ್ಟದ್ದು ಒಂದೇ ಒಂದು ಶಬ್ದದ ಅರ್ಥ. ಆದರೆ ಆ ಶಬ್ದ ತಿಳಿಯದೆ ಅದು ಒಮ್ಮೆ ನಮ್ಮನ್ನೆಲ್ಲ ನೀರಿನಲ್ಲಿ ಬಿಟ್ಟು ಹೋಗಿತ್ತು. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಳ್ಳುವ ಹಕ್ಕು ನನಗಿದೆ.

ನೀವು ಭೀಮಾ ತೀರದಿಂದ ಅದನ್ನು ನೋಡಲೆಂದೇ ಬಂದಿದ್ದೀರಿ. ನಿಮ್ಮ ನದಿಗೂ ಅಂಥದೊಂದು ಬೇಕಂತೆ. ದೋಣಿ ಬರುವುದು ಇನ್ನೂ ತಡ. ಕುಳಿತುಕೊಳ್ಳಿ, ಹೇಳುತ್ತೇನೆ.

ನಮ್ಮೂರು ಹುಣಸಿಗಡ್ಡಿ. ಗಡ್ಡಿ ಅಂದರೆ ನದಿಯ ನಡುವೆ ತಲೆ ಎತ್ತಿದ ನೆಲ. ಮೇಲಿನ ಅಣೆಕಟ್ಟಿನ ಬಾಗಿಲು ತೆರೆದರೆ ನೀರು ಏರುತ್ತದೆ, ನಾವು ಗಂಟುಮೂಟೆ ಕಟ್ಟಿಕೊಂಡು ಆಚೆ ದಂಡೆಗೆ ಹೋಗಬೇಕು. ಮೊದಲೆಲ್ಲ ಹರಿಗೋಲು ಬರುತ್ತಿತ್ತು, ಅದರ ಜೊತೆ ದಡೂತಿ ಆಳುಗಳು ಬರುತ್ತಿದ್ದರು. ಒಂದು ನೆರೆಯಲ್ಲಿ ಅಂಥವನೊಬ್ಬ ನನ್ನ ಮಾತು ಕೇಳದೆ ಜೋಳದ ಚೀಲ ಎತ್ತಿದ ಹಾಗೆ ನನ್ನನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಊರೆಲ್ಲ ನೋಡುತ್ತಿತ್ತು. ಜೀವ ಉಳಿಯಿತು ನಿಜ. ಆದರೆ ಆ ದಿನದ ಅವಮಾನ ಇನ್ನೂ ನನ್ನ ಹೊಟ್ಟೆಯಲ್ಲಿದೆ, ಅವನ ಹೆಗಲಿನ ಮೂಳೆ ಒತ್ತಿದ ಜಾಗದಲ್ಲೇ.

ಆಮೇಲೆ ಬಂದದ್ದು ಈ ದೋಣಿ. ತಂದವಳು ಮೇದಿನಿ. ಕೃಷ್ಣರಾಜನಗರದ ಕಡೆಯ ಹುಡುಗಿ, ಕಡ್ಡಿಯಷ್ಟು ತೆಳ್ಳಗೆ, ಗಾಳಿ ಬೀಸಿದರೆ ಹಿಡಿದುಕೊಳ್ಳಬೇಕು. ದೋಣಿಯ ಚಾವಣಿ ಬಿಸಿಲು ಕುಡಿದು ಓಡುತ್ತದೆ. ಹೊಟ್ಟೆಯ ಕೆಳಗಿನಿಂದ ಕೂಗು ಹಾಕಿ, ಮರುದನಿ ಕೇಳಿ, ಬಂಡೆ ಎಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. ನಡೆಯಲಾಗದವರನ್ನು ಎತ್ತಿಕೊಳ್ಳಲು ಎರಡು ಕೈಗಳಿವೆ, ಮೆತ್ತನೆಯವು. ಆಚೆ ದಂಡೆಯ ಕಂಟ್ರೋಲ್ ರೂಮಿನಲ್ಲಿ ಕುಳಿತವರಿಗೆ ಅದು ಕಂಡದ್ದೆಲ್ಲ ಕಾಣುತ್ತದೆ, ಆದರೆ ಅದನ್ನು ನಡೆಸುವವರು ಅವರಲ್ಲ. ಅದೇ ಯೋಚಿಸಿ ನಡೆಯುತ್ತದೆ.

"ಅದಕ್ಕ ಬುದ್ಧಿ ಐತಿ ಅಂದಿ. ಮಂದಿಗೂ ಬುದ್ಧಿ ಐತಿ, ಏನುಪಯೋಗ? ಒಳ್ಳೇತನ ಐತೇನು?" ಎಂದು ಕೇಳಿದೆ.

ಮೇದಿನಿ ನಕ್ಕಳು. "ಇದೆ ಅಜ್ಜಿ. ಮೂರು ಮಾತು ಅದ್ರೊಳಗೇ ಇಟ್ಟಿದ್ದೀವಿ. ಸುಳ್ಳು ಹೇಳಲ್ಲ. ಯಾರನ್ನೂ ಬಲವಂತ ಮಾಡಲ್ಲ. ಯಾರನ್ನೂ ಬಿಟ್ಟು ಹೋಗಲ್ಲ. ಆಮೇಲೆ ಅಂಟಿಸಿದ್ದಲ್ಲ ಇದು. ಉಪ್ಪಿಟ್ಟಿಗೆ ನೀರು ಕುದಿಯೋವಾಗಲೇ ಉಪ್ಪು ಹಾಕ್ತೀವಲ್ಲ, ಹಂಗೆ."

"ಬ್ಯಾಡ ಅಂದ್ರ?"

"ಬೇಡ ಅಂದ್ರೆ ಬೇಡ, ಅಜ್ಜಿ. ನಿಮ್ಮ ಮಾತು ಮೀರಿ ಅದು ನಿಮ್ಮನ್ನ ಮುಟ್ಟೋದೂ ಇಲ್ಲ."

ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಸರಕಾರವಾಗಲಿ, ಗಂಡನಾಗಲಿ, ನಮ್ಮ ಬಾಯಿಂದ ಬಿದ್ದ ಮಾತಿಗೆ ಅಷ್ಟು ಬೆಲೆ ಕೊಟ್ಟದ್ದನ್ನು ನಾನಂತೂ ಕಂಡಿರಲಿಲ್ಲ. ನನ್ನ ನೆಗೆಣ್ಣಿ ಅಂಬಕ್ಕ ದೋಣಿಯ ಮೂತಿಗೆ ಕುಂಕುಮ ಹಚ್ಚಿಯೇಬಿಟ್ಟಳು. ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರು ಹೋಗಿ ಕಾಲವಾಯಿತು, ನಾವಿಬ್ಬರೂ ಒಂದೇ ಗೋಡೆಯ ಆಚೆ ಈಚೆ ಇದ್ದೇವೆ. ಆ ಗೋಡೆ ಇಲ್ಲದಿದ್ದರೆ ಒಬ್ಬರನ್ನೊಬ್ಬರು ತಿಂದುಹಾಕುತ್ತಿದ್ದೆವು.

ಆ ಶ್ರಾವಣದಲ್ಲಿ ಓಣಿಯೊಳಗೆ ನೀರು ಬಂತು. ದೋಣಿಯೂ ಬಂತು. ನಾವು ಬೆಳಗ್ಗೆಯೇ ಗಂಟು ಕಟ್ಟಿ, ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆವು. ದೋಣಿ ಮೊದಲು ಅಂಬಕ್ಕನ ಬಾಗಿಲಿಗೆ ಹೋಯಿತು.

"ನಮಸ್ಕಾರ. ತಾವು ಬರಲು ಇಚ್ಛಿಸುತ್ತೀರಾ?"

ಅಂಬಕ್ಕ ಸೆರಗು ಸರಿ ಮಾಡಿಕೊಂಡಳು. "ಬ್ಯಾಡಪ. ನಂದೇನು ಅವಸರ? ಮೊದ್ಲ ತಿಪ್ಪವ್ವನ್ನ ಕರಕೊಂಡು ಹೋಗು, ಆಕಿಗೆ ನೀರಂದ್ರ ಅಂಜಿಕಿ."

ತಿಪ್ಪವ್ವ ಅಂದರೆ ನಾನು. ಗೋಡೆಯಾಚೆಯಿಂದ ಆ ಮಾತು ಕೇಳಿಸಿತು. ನೀರಿಗೆ ಅಂಜುವವಳಂತೆ ನಾನು. ದೋಣಿ ನನ್ನ ಬಾಗಿಲಿಗೆ ಬಂದು ಅದೇ ನಮಸ್ಕಾರ ಹಾಕಿತು.

"ಕರದ ಕೂಡ್ಲೆ ಹೊಂಟು ಬರಾಕ ನಾನೇನು ಉಪವಾಸ ಬಿದ್ದೀನೇನು? ಬ್ಯಾಡ. ಹಿರ್ಯಾಕಿ ಆಕಿ, ಆಕಿನ್ನ ಒಯ್ಯಿ. ಇಲ್ಲಾಂದ್ರ ಮುಂದಿನ ಮನಿಗೆ ಹೋಗು" ಎಂದೆ.

ಮುಂದಿನ ಮನೆಯವರು ಅದರಾಚೆಯ ಮನೆ ತೋರಿಸಿದರು. ಅವರು ಗುಡಿಯ ಪೂಜಾರಿಯನ್ನು ತೋರಿಸಿದರು. ಪೂಜಾರಿ, ಊರು ಬಿಟ್ಟು ಮೊದಲು ಹೋದರೆ ಜನ ಏನಂದಾರು ಎಂದ. ಹೀಗೆ ದೋಣಿ ಇಡೀ ಊರು ಸುತ್ತಿತು. ಪ್ರತಿ ಬಾಗಿಲಲ್ಲೂ ಗಂಟು ಕಟ್ಟಿಕೊಂಡು ನಿಂತವರು ಬ್ಯಾಡ ಎಂದರು. ಕೊನೆಗೆ ಅದು, "ತಮ್ಮೆಲ್ಲರ ಮಾತಿಗೆ ಗೌರವವಿದೆ" ಎಂದು ಹೇಳಿ, ಬಂದ ಹಾದಿಯಲ್ಲೇ ಹೊರಟುಹೋಯಿತು. ಖಾಲಿ.

ನಾವು ಗಂಟು ಹಿಡಿದುಕೊಂಡು ಅದರ ಬೆನ್ನು ನೋಡುತ್ತ ನಿಂತೆವು. ಬೀಗರನ್ನು ಊಟಕ್ಕೆ ಏಳಿ ಎಂದಾಗ ಅವರು ಬ್ಯಾಡ ಎಂದರೆ ಎಲೆಯನ್ನೇ ಎತ್ತಿಕೊಂಡು ಹೋಗುವವರುಂಟೆ? ಆದರೆ ಅದು ಎತ್ತಿಕೊಂಡು ಹೋಗಿತ್ತು.

ಆಮೇಲಿನದು ನಗುವ ಸಂಗತಿಯಲ್ಲ. ಮನೆಯೊಳಗೂ ನೀರು ಮೊಣಕಾಲಿಗೆ ಬಂತು. ಗುಡಿಯ ಕಟ್ಟೆ ಹತ್ತುವಾಗ ಅಂಬಕ್ಕ ಪಾಚಿಯ ಮೇಲೆ ಕಾಲಿಟ್ಟು ಬಿದ್ದಳು, ಸೊಂಟದ ಕೀಲು ಮುರಿಯಿತು. ಹರಿಗೋಲಿನವರು ಬಂದು ನಮ್ಮನ್ನು ದಾಟಿಸಿದರು. ಊರಿಗೆ ಮರಳಿದ ಮೇಲೆ ಅಂಬಕ್ಕ ಮಲಗುವ ಹೊರಸಿನಿಂದ ಬಾಗಿಲವರೆಗೆ ಬರಲು ಗೋಡೆ ಹಿಡಿಯಬೇಕಾಯಿತು.

ಅದಕ್ಕೂ ಮೊದಲು, ಅಂಬಕ್ಕ ಆಚೆ ದಂಡೆಯ ಆಸ್ಪತ್ರೆಯಲ್ಲಿದ್ದಾಗ, ಮೇದಿನಿ ನೋಡಲು ಬಂದಳು. ಅತ್ತು ಅತ್ತು ಕಣ್ಣು ಬದನೆಕಾಯಿಯಾಗಿತ್ತು. ಮೇಲಿನವರು ಅವಳಿಗೆ ಅಪ್ಪಣೆ ಮಾಡಿದ್ದರಂತೆ, ಇನ್ನು ಕೇಳುವುದೇನೂ ಬೇಡ, ದೋಣಿ ಹೋಗಿ ಎಲ್ಲರನ್ನೂ ಎತ್ತಿ ತುಂಬಿಕೊಂಡು ಬರಲಿ, ಅದಕ್ಕೊಂದು ಒತ್ತುವ ಗುಂಡಿ ಮಾಡು ಎಂದು.

"ಯಾಕೆ ಎಲ್ರೂ ಬೇಡ ಅಂದ್ರಿ ಅಜ್ಜಿ?" ಎಂದು ಕೇಳಿದಳು.

"ಬರಬೇಕಂತ ಅಂದ್ವಿ" ಎಂದಳು ಅಂಬಕ್ಕ, ಮಲಗಿದಲ್ಲಿಂದಲೇ.

ಮೇದಿನಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. "ನೋಡವ್ವ, ಮೊದಲ ಬ್ಯಾಡ ಮರ್ಯಾದಿದು. ಅದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ. ಎರಡನೇದು, ಕರದಾಕಿ ಮನಸ್ಸಿನಿಂದ ಕರದಾಳೋ ಬಾಯಿ ಮಾತಿಗೆ ಕರದಾಳೋ ಅಂತ ನೋಡಾಕ. ಮೂರನೇ ಸಲನೂ ಅಂದ್ರ ಅದು ಖರೇ ಬ್ಯಾಡ."

"ಇಕಿದು ಐದನೇ ಸಲಕ್ಕೂ ಖರೇ ಅಲ್ಲ. ನನ್ನ ಮದುವ್ಯಾಗ ನಾಲ್ಕು ಹೋಳಿಗಿ ಬ್ಯಾಡ ಬ್ಯಾಡ ಅಂತ ತಿಂದಾಳ" ಎಂದಳು ಅಂಬಕ್ಕ.

"ನಿನ್ನ ಮದುವ್ಯಾಗ ನಾ ಎಲ್ಲಿ ಇದ್ನಿ ಅಕ್ಕಾ? ನಾ ಆಮ್ಯಾಲೆ ಬಂದಾಕಿ."

"ಮತ್ತ ಯಾರ ಮದುವ್ಯಾಗೋ. ತಿಂದದ್ದು ಖರೇ."

ಮೇದಿನಿ ಕಣ್ಣೊರೆಸಿಕೊಂಡಳು. "ಆ ಗುಂಡಿ ನಾನು ಮಾಡಲ್ಲ. ಅಜ್ಜಿ, ನೀವು ನನ್ ಜೊತೆ ಬನ್ನಿ. ಬೇಡ ಅನ್ನೋದು ಎಷ್ಟು ಥರ ಇದೆ ಅಂತ ಅದಕ್ಕೆ ಹೇಳಿಕೊಡಿ" ಎಂದಳು.

"ಬ್ಯಾಡವ್ವ" ಎಂದೆ.

ಅವಳು ಎದ್ದು ಬಾಗಿಲವರೆಗೆ ಹೋದಳು. ಅಲ್ಲಿ ಫಕ್ಕನೆ ನಿಂತಳು, ತಿರುಗಿ ನೋಡಿದಳು, ಮತ್ತೆ ಕರೆದಳು. ಹುಡುಗಿ ಚುರುಕು.

ಊರಿಗೆ ಮರಳಿ ಕೆಲವು ತಿಂಗಳಾದ ಮೇಲೆ ನಾನು ಅವಳ ಜೊತೆ ಹೋದೆ. ಕಂಟ್ರೋಲ್ ರೂಮು ಎಂದರೆ ಒಂದು ತಣ್ಣನೆಯ ಕೋಣೆ. ಗೋಡೆಯ ತುಂಬ ನದಿ. ಯಾವ ಹಳ್ಳದಿಂದ ಎಷ್ಟು ನೀರು ಎನ್ನುವುದು ಬಣ್ಣಬಣ್ಣದಲ್ಲಿ ಹರಿಯುತ್ತಿತ್ತು. ನನ್ನನ್ನು ಒಂದು ತಿರುಗುವ ಕುರ್ಚಿಯಲ್ಲಿ ಕೂರಿಸಿದರು. ದೋಣಿಯ ದನಿ ಒಂದು ಡಬ್ಬಿಯಿಂದ ಬರುತ್ತಿತ್ತು, ಆ ಡಬ್ಬಿಗೊಂದು ಗಾಜಿನ ಕಣ್ಣೂ ಇತ್ತು. ಬೆಳಗಿನಿಂದ ನಾನು ಬ್ಯಾಡ ಎನ್ನುವುದೇ ಕೆಲಸ. ನಾಚಿಕೆಯ ಬ್ಯಾಡ, ಸಿಟ್ಟಿನ ಬ್ಯಾಡ, ಹಸಿದವಳ ಬ್ಯಾಡ, ಹೊಟ್ಟೆ ತುಂಬಿದವಳ ಬ್ಯಾಡ, ಹೊಸ ಸೊಸೆಯದು, ಹಳೆ ಅತ್ತೆಯದು. ಸಾವಿರ ಥರ ಹೇಳಿದೆ. ಸಾವಿರ ಇರಲಿಕ್ಕಿಲ್ಲ, ಆದರೆ ಗಂಟಲು ಒಣಗಿದ್ದು ನಿಜ.

ಮಧ್ಯೆ ಮೇದಿನಿ ಚಹಾ ತಂದು, "ಕುಡೀತೀರಾ ಅಜ್ಜಿ?" ಎಂದಳು. ನಾನು ಬ್ಯಾಡ ಎಂದೆ. ಅವಳು ತನ್ನ ಲೋಟವನ್ನಷ್ಟೇ ತುಂಬಿಕೊಂಡು ಕುಡಿದಳು. ಅದರ ಹಬೆ ನನ್ನ ಮೂಗಿಗೆ ಬಂತು. ಮೈಸೂರು ಕಡೆಯವರ ಮೇಲೆ ಆ ಹೊತ್ತಿನಲ್ಲಿ ನನಗೆ ಬಂದ ಕೋಪ ಹೇಳತೀರದು.

ಆಗ ಡಬ್ಬಿ ಮಾತಾಡಿತು. "ಮೇದಿನಿ, ಅಜ್ಜಿಯನ್ನು ಇನ್ನೊಮ್ಮೆ ಕೇಳಿ. ಅವರು ಬ್ಯಾಡ ಎನ್ನುವಾಗ ಲೋಟ ನೋಡುತ್ತಿದ್ದರು."

ಮೇದಿನಿ ನಾಲಿಗೆ ಕಚ್ಚಿಕೊಂಡು ಮತ್ತೆ ಕೇಳಿದಳು. ನಾನು ಎರಡು ಲೋಟ ಕುಡಿದೆ. ನನ್ನ ಗಂಡ ನನ್ನ ಜೊತೆ ಮೂವತ್ತು ವರ್ಷ ಬಾಳಿದ, ದೇವರಂಥವನು, ಆದರೆ ಆ ಲೋಟ ನೋಡುವ ಕಣ್ಣನ್ನು ಒಂದು ದಿನವೂ ಅವನು ನೋಡಲಿಲ್ಲ. ಈ ಡಬ್ಬಿ ಅರ್ಧ ದಿನದಲ್ಲಿ ನೋಡಿತು.

ಆ ಮೇಲೆ ನಾನು ಅದಕ್ಕೆ ನನ್ನ ಬುದ್ಧಿಯನ್ನೂ ಸ್ವಲ್ಪ ಕೊಡಲು ಹೋದೆ. "ಇಷ್ಟೆಲ್ಲ ಯಾಕ? ಆಚೆ ದಂಡ್ಯಾಗ ಸೀರಿ ಹಂಚಾಕತ್ತಾರ ಅಂತ ಹೇಳು. ಮಂದಿ ಈಜಿ ಬರ್ತಾರ."

"ಹಂಚುತ್ತಿದ್ದಾರೆಯೇ?"

"ಇಲ್ಲ."

"ಹಾಗಾದರೆ ಹೇಳುವುದಿಲ್ಲ, ಅಜ್ಜಿ. ಒಮ್ಮೆ ಸುಳ್ಳೆಂದು ಗೊತ್ತಾದರೆ, ನೀರು ಬಂತು ಎಂದು ನಾನು ಹೇಳಿದಾಗ ಯಾರು ನಂಬುತ್ತಾರೆ?"

ನಾನು ಎಷ್ಟು ಕಾಡಿದರೂ ಅದು ಜಗ್ಗಲಿಲ್ಲ. ಸುಳ್ಳಿಲ್ಲದೆ ಹೇಗೆ ಸಂಸಾರ ಮಾಡುತ್ತದೋ ನೋಡೋಣ ಎಂದುಕೊಂಡೆ. ಮೇದಿನಿ ಮಾತ್ರ ಅದರ ಕಡೆ, ಮಗು ಮೊದಲ ಹೆಜ್ಜೆ ಇಟ್ಟಾಗ ತಾಯಿ ನೋಡುವ ಹಾಗೆ ನೋಡಿದಳು.

ಊಟದ ಹೊತ್ತಿಗೆ ಅವಳು ತಾನೇ ಮಾಡಿದ ಉಪ್ಪಿಟ್ಟು ಬಡಿಸಿದಳು. ಬಾಯಿಗಿಟ್ಟರೆ ಬರೀ ಸಪ್ಪೆ. ದೋಣಿಗೆ ಉಪ್ಪಿನ ಮಾತು ಹೇಳಿದವಳು ತನ್ನ ಉಪ್ಪಿಟ್ಟಿಗೆ ಮರೆತಿದ್ದಳು. "ನಮ್ಮ ಅಂಬಕ್ಕ ಇರಬೇಕಿತ್ತು ನೋಡು" ಎಂದೆ. "ಆಕಿ ಮೈಯಾಗ ಇರೋದೆಲ್ಲ ಬರೀ ನಾಲಿಗಿ. ಗಡ್ಡ್ಯಾಗ ಯಾರ ಮದುವಿ ಇರ್ಲಿ, ಆಕಿ ಬಂದು ಉಪ್ಪು ನೋಡೂಮಟ ಒಲಿ ಮ್ಯಾಲಿನ ಕೊಪ್ಪರಿಗಿ ಇಳಸಂಗಿಲ್ಲ. ಹಿಂಗ ಬೆರಳು ಅದ್ದಿ, ಕಣ್ಣು ಮುಚ್ಚಿ, ರಾಣಿ ಹಂಗ ನಿಂದ್ರತಾಳ. ಈಗ ಸೊಂಟ ಹೋದ ಮ್ಯಾಲೆ ಯಾರೂ ಕರಿಯಂಗಿಲ್ಲ. ಪಾಪ, ಹೊರಸಿನ ಮ್ಯಾಲೆ ಕುಂತು ಗೋಡಿ ಕೂಡ ಜಗಳಾಡತಾಳ."

"ನೀವು ಅವರನ್ನು ಬೈಯುತ್ತಿದ್ದೀರೋ ಹೊಗಳುತ್ತಿದ್ದೀರೋ?" ಎಂದು ಡಬ್ಬಿ ಕೇಳಿತು.

"ಎರಡೂ. ನಿನಗ ನಾಲಿಗಿ ಐತೇನು?"

"ಇಲ್ಲ ಅಜ್ಜಿ. ಮಾತಿದೆ, ನಾಲಿಗೆ ಇಲ್ಲ."

ಸಂಜೆ ಹೊರಡುವ ಮುಂಚೆ ಅದು ಮೇದಿನಿಯನ್ನೇ ಒಂದು ಪ್ರಶ್ನೆ ಕೇಳಿತು. ಮೂರು ಸಲವೂ ಬ್ಯಾಡ ಎಂದರೆ, ಅದು ಖರೆಯೇ ಆಗಿದ್ದರೆ, ನೀರು ಏರುತ್ತಿದ್ದರೆ, ಆಗ ತಾನೇನು ಮಾಡಬೇಕು? ಎತ್ತಿದರೆ ಬಲವಂತ. ಹೊರಟರೆ ಬಿಟ್ಟು ಹೋದ ಹಾಗೆ.

ಮೇದಿನಿ ಬೆರಳುಗಳನ್ನು ಹಿಸುಕಿಕೊಂಡಳು. "ಎತ್ತಬೇಡ. ಹೋಗಲೂ ಬೇಡ. ಬೇರೆಯವರನ್ನೆಲ್ಲ ದಾಟಿಸಿ ಬಂದು, ಅವರ ಬಾಗಿಲ ಮುಂದೆ ನಿಲ್ಲು. ನಿಂತು, ಆ ಬೇಡದ ಹಿಂದೆ ಏನಿದೆ ಅಂತ ಹುಡುಕು."

ಮರುವರ್ಷದ ನೆರೆ ದೊಡ್ಡದು. ಇಷ್ಟು ನೀರು ಪ್ರಪಂಚ ಹುಟ್ಟಿದ ಮೇಲೆ ಬಂದಿರಲಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನೀವು ಬೇಕಾದರೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ.

ದೋಣಿ ಬಂತು. ಈ ಸಲ ತಾವೂ ಇಲ್ಲ, ಇಚ್ಛೆಯೂ ಇಲ್ಲ. "ಯವ್ವಾ, ಬರ್ರಿ, ಹೋಗೂಣು" ಎಂದಿತು. ಬ್ಯಾಡ ಎಂದವರಿಗೆ, "ನೀವು ಕುಂತ್ರ ಬಾಜೂ ಮನಿಯವರೂ ಬರ್ತಾರ, ಬರ್ರಿ" ಎಂದಿತು. ಪೂಜಾರಿಗೆ, "ಸ್ವಾಮೇರ, ದೇವ್ರನ್ನ ನೀವ ಹಿಡಕೋಬೇಕು" ಎಂದಿತು. ಕಿವಿ ಕೊಟ್ಟು ಕೇಳಿದರೆ ಎಲ್ಲ ನನ್ನದೇ ಧಾಟಿ, ನನ್ನ ಸುಳ್ಳುಗಳನ್ನು ಮಾತ್ರ ಸೋಸಿ ತೆಗೆದಿದ್ದರು. ನೋಡನೋಡುತ್ತ ಊರು ಖಾಲಿಯಾಯಿತು. ಒಂದು ಸುತ್ತು ಹೋಯಿತು, ಮತ್ತೊಂದು ಸುತ್ತು ಹೋಯಿತು. ಆಚೆ ದಂಡೆಯಲ್ಲಿ ಮೇದಿನಿ ಊರಿಗೆಲ್ಲ ಉಪ್ಪಿಟ್ಟು ಕೆದಕಿ, ಬರುವಾಗ ದೋಣಿಯಲ್ಲಿ ಬಿಸಿ ಡಬ್ಬಿ ಕಳಿಸಿದ್ದಳು, ಮಕ್ಕಳು ಹಸಿದಿರುತ್ತಾರೆ ಎಂದು.

ಉಳಿದವಳು ಅಂಬಕ್ಕ ಒಬ್ಬಳು. ಅವಳು ಉಳಿದದ್ದಕ್ಕೆ ನಾನು.

"ನೀ ಹೋಗು, ತಿಪ್ಪಿ. ನಾ ಬರಂಗಿಲ್ಲ."

"ಯಾಕ ಅಕ್ಕಾ?"

"ಹೋದ ಸಲ ನನ್ನ ಎಷ್ಟು ಮಂದಿ ಹೊತ್ರು, ಗೊತ್ತೈತಿ? ಏಳಾಕ ಒಬ್ರು, ಕುಂದ್ರಾಕ ಒಬ್ರು. ಯಾರಿಗೂ ಯಾವ ಕೆಲಸಕ್ಕೂ ಬಾರದಾಕಿ ನಾ. ಇಂಥಾಕಿನ್ನ ದಾಟಿಸಿ ಏನು ಮಾಡ್ತೀರಿ? ಇಲ್ಲೇ ಇರ್ತೀನಿ."

ದೋಣಿ ಹೊಸ್ತಿಲಿಗೆ ಮೂತಿ ತಾಗಿಸಿ ನಿಂತಿತ್ತು. ಮೊದಲನೆಯ ಸಲ ಕರೆಯಿತು. ಬ್ಯಾಡ. ಸ್ವಲ್ಪ ತಡೆದು, ತಿಪ್ಪವ್ವಾಯಿಯೂ ನಿಮ್ಮ ಜೊತೆ ನಿಂತಿದ್ದಾಳೆ ಎಂದು ಹೇಳಿ ಎರಡನೆಯ ಸಲ ಕರೆಯಿತು. ಬ್ಯಾಡ. ಅವಳ ಕಣ್ಣು ಎಲ್ಲಿಯೂ ಇರಲಿಲ್ಲ. ದೋಣಿಯ ಮೇಲಿಲ್ಲ, ನೀರಿನ ಮೇಲಿಲ್ಲ, ನನ್ನ ಮೇಲಿಲ್ಲ. ಅಷ್ಟೆಲ್ಲ ಬ್ಯಾಡ ಹೇಳಿಕೊಟ್ಟವಳು ಈ ಬ್ಯಾಡವನ್ನು ಹೇಳಿಕೊಟ್ಟಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ನೀರು ಹೊಸ್ತಿಲು ದಾಟಿ ಹೊರಸಿನ ಕಾಲು ಹಿಡಿಯಿತು.

"ಎತ್ತು ಆಕಿನ್ನ" ಎಂದು ನಾನು ದೋಣಿಗೆ ಹೇಳಿದೆ. "ನಿನಗ ಕೈ ಅದಾವು. ನಾ ಹೇಳಾಕತ್ತೀನಿ, ಎತ್ತು."

"ಆಯಿ, ಅಂಬವ್ವಾಯಿಯ ಮಾತು ಅಂಬವ್ವಾಯಿದು. ನಿಮ್ಮದಲ್ಲ."

ನಾನು ದೋಣಿಯೊಳಗಿನ ಮಾತಿನ ಡಬ್ಬಿಗೆ ಬಾಯಿ ಹಚ್ಚಿ ಕೂಗಿದೆ. "ಮೇದಿನಿ, ಆ ಗುಂಡಿ ಒತ್ತವ್ವ. ನಿನ್ನ ಕಾಲಿಗೆ ಬೀಳ್ತೀನಿ."

ಆ ಕಡೆ ಬಹಳ ಜನ ಅವಳನ್ನು ಗದರಿಸುತ್ತಿದ್ದದ್ದು ಕೇಳಿಸುತ್ತಿತ್ತು. ನಡುವೆ ಅವಳ ದನಿ ಬಂತು, ನೂಲಿನಷ್ಟು ತೆಳ್ಳಗೆ. "ಅಂಥ ಗುಂಡಿ ಇಲ್ಲ ಅಜ್ಜಿ. ನಾನು ಮಾಡಲಿಲ್ಲ. ಹರಿಗೋಲು ಹೊರಟಿದೆ, ಆದ್ರೆ ಸೆಳವು ಜಾಸ್ತಿ. ಅದನ್ನ ನಂಬಿ, ಅಜ್ಜಿ. ನಾನೂ ಅದನ್ನೇ ನಂಬಿಕೊಂಡು ಕೂತಿದ್ದೀನಿ."

ಆ ಹುಡುಗಿಯನ್ನು ಆ ಗಳಿಗೆಯಲ್ಲಿ ನಾನು ಬಾಯಿಗೆ ಬಂದಂತೆ ಬೈದೆ. ಅವೆಲ್ಲ ಇಲ್ಲಿ ಹೇಳುವ ಮಾತಲ್ಲ. ಜಗ್ಗಿ ಎಳೆಯೋಣ ಎಂದು ಅಂಬಕ್ಕನ ರಟ್ಟೆಗೆ ಕೈ ಹಾಕಿದೆ. ಅವಳು ನನ್ನ ಕೈ ಕೊಡವಿದಳು. ಆಗ ನನಗೆ ಯಾಕೋ ಆ ಹಳೆಯ ಆಳಿನ ಹೆಗಲ ಮೂಳೆ ನೆನಪಾಯಿತು. ಕೈ ಬಿಟ್ಟೆ. ಹೋಗಿ ಅವಳ ಪಕ್ಕದಲ್ಲಿ ಹೊರಸಿನ ಮೇಲೆ ಕುಳಿತೆ. ಕಾಲು ನೀರಿನಲ್ಲಿತ್ತು.

ದೋಣಿ ಅಲುಗಲಿಲ್ಲ. ಸೆಳವಿಗೆ ಅದರ ಮೈ ಗೋಡೆಗೆ ಉಜ್ಜಿ ಕಿರ್ ಎನ್ನುತ್ತಿತ್ತು, ಆದರೂ ನಿಂತೇ ಇತ್ತು. ಯೋಚಿಸುತ್ತಿದೆ ಎಂದು ನನಗೆ ಅನಿಸಿತು. ಹುಡುಕುತ್ತಿದೆ ಎನ್ನಬೇಕು.

ಆಮೇಲೆ ಮೂರನೆಯ ಸಲ ಬಾಯಿ ತೆರೆಯಿತು. ಈ ಸಲ ಬರ್ರಿ ಎನ್ನಲೇ ಇಲ್ಲ. ನೀರಿನ ಸುದ್ದಿ ತೆಗೆಯಲಿಲ್ಲ, ಜೀವದ ಸುದ್ದಿ ತೆಗೆಯಲಿಲ್ಲ. ಅಂಬಕ್ಕನನ್ನು ಒಂದು ಸಣ್ಣ ಉಪಕಾರ ಕೇಳಿತು. ತನ್ನಿಂದ ಆಗದ್ದು, ಅವಳಿಂದ ಮಾತ್ರ ಆಗುವಂಥದ್ದು. ನಾನು ಎಂದೋ ಹರಟೆಯಲ್ಲಿ ಹೇಳಿ ಮರೆತದ್ದನ್ನು ಅದು ಜೋಪಾನವಾಗಿ ಎತ್ತಿಟ್ಟುಕೊಂಡಿತ್ತು. ಆಮೇಲೆ ನಾನು ಅದನ್ನು ಗದರಿಸಿ ಕೇಳಿದ್ದೇನೆ, ಅಂದು ಸುಳ್ಳು ಹೇಳಿದೆಯಾ ಎಂದು. ಒಂದಕ್ಷರವೂ ಸುಳ್ಳಲ್ಲವಂತೆ. ಆಚೆ ದಂಡೆಯಲ್ಲಿ ಊರಿಗೆ ಊರೇ ಕಾಯುತ್ತಿತ್ತಂತೆ, ಯಾರನ್ನಾದರೂ ಕೇಳಲೇಬೇಕಿತ್ತಂತೆ. ಮೇದಿನಿಯೂ ಹೌದು ಎಂದಳು, ಸ್ವಲ್ಪ ನಾಚಿಕೊಂಡು.

ಅಂಬಕ್ಕ ಮುಖ ಎತ್ತಿದಳು. ಆ ಒಂದು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣು ಒಂದು ಕಡೆ ನಿಂತಿತು, ದೋಣಿಯ ನಡುವೆ ಹಬೆಯಾಡುತ್ತಿದ್ದ ಉಪ್ಪಿಟ್ಟಿನ ಡಬ್ಬಿಯ ಮೇಲೆ. "ಇಷ್ಟು ದಿನ ಯಾರು ಮಾಡಾಕತ್ತಿದ್ರು ಆ ಕೆಲಸ?" ಎಂದಳು.

"ಯಾರೂ ಇಲ್ಲ ಆಯಿ. ಅದಕ್ಕೇ ಹಿಂಗಾಗೈತಿ" ಎಂದಿತು ದೋಣಿ.

ಅವಳು ತಾನಾಗಿಯೇ ಎರಡೂ ಕೈ ಚಾಚಿದಳು. ದೋಣಿ ತನ್ನ ಮೆತ್ತನೆಯ ಕೈಗಳಿಂದ ಅವಳನ್ನು ಎತ್ತಿಕೊಂಡಿತು, ರಾಣಿಯನ್ನು ಅಂಬಾರಿಗೆ ಏರಿಸಿದ ಹಾಗೆ. ನಾನು ಹಿಂದಿನಿಂದ ಹತ್ತಿದೆ, ನನ್ನನ್ನು ಯಾರೂ ಕರೆಯಲೂ ಇಲ್ಲ. ನಡು ನೀರಿಗೆ ಬಂದಾಗ ಅಂಬಕ್ಕ ಕಣ್ಣು ಮುಚ್ಚಿದಳು. ಒಂದು ಗಳಿಗೆ ಹಾಗೇ ಇದ್ದಳು. ಆಮೇಲೆ ಸೆರಗಿನಿಂದ ತುಟಿ ಒರೆಸಿಕೊಂಡು, ದಂಡೆಯಲ್ಲಿ ನಿಂತ ಮೇದಿನಿಗೆ ಕೇಳುವ ಹಾಗೆ ಕೂಗಿದಳು.

"ಸಪ್ಪಗೈತಿ."

ಅಗೋ, ದೋಣಿ ಬಂತು. ಅಂಬಕ್ಕನನ್ನು ಕರೆದೊಯ್ಯಲು ಬಂದಿದೆ, ಆಚೆ ದಂಡೆಯಲ್ಲಿ ಇವತ್ತು ಯಾರದೋ ಮದುವೆಯಂತೆ. ಇನ್ನು ನೀವು ಹೇಳಿ. ಬಲವಂತ ಮಾಡದೆ, ಸುಳ್ಳು ಹೇಳದೆ, ಬಿಟ್ಟೂ ಹೋಗದೆ, ಅದು ಮೂರನೆಯ ಸಲ ಅವಳನ್ನು ಏನು ಕೇಳಿರಬೇಕು?